ಪಹಣಿ ಕಿಂಡಿಯ ಹಿಂದಿನ ಯಂತ್ರಗಳು: ಹಳೆಯ ಮಿನಿಕಂಪ್ಯೂಟರ್‌ಗಳನ್ನು ಉಳಿಸುವುದು ಯಾಕೆ, ಹೇಗೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಎಷ್ಟೋ ಹಿರಿಯ ರೈತರ ಪಾಲಿಗೆ ‘ಕಂಪ್ಯೂಟರ್’ ಎಂದರೆ ಬಹುಕಾಲ ಒಂದೇ ಅರ್ಥವಿತ್ತು: ತಹಶೀಲ್ದಾರ್ ಕಚೇರಿಯ ಕಿಂಡಿಯಲ್ಲಿ ಪಹಣಿ ಮುದ್ರಿಸಿ ಕೊಡುವ ಯಂತ್ರ. ಅದಕ್ಕೆ ಮುಂಚೆ ಹೊಲದ ದಾಖಲೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಇರುತ್ತಿತ್ತು. ರಾಜ್ಯದಲ್ಲಿ ಅಂಥ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಬೆಳೆಸಾಲಕ್ಕೋ, ಪಾಲುಪಟ್ಟಿಗೋ, ಕೋರ್ಟಿಗೋ ಒಂದು ಪ್ರತಿ ಬೇಕಾದರೆ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ರಾಜ್ಯ ಸರಕಾರದ ‘ಭೂಮಿ’ ಯೋಜನೆ ಇದನ್ನು ಬದಲಿಸಿತು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲೂ ಕಂಪ್ಯೂಟರ್ ಕೇಂದ್ರಗಳು ತೆರೆದವು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಯಂತ್ರಕ್ಕೆ ಸೇರಿದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು.

ಆ ಮೊದಲ ಯಂತ್ರಗಳ ಕಾಲಕ್ಕೆ ಈಗ 20 ವರ್ಷ ದಾಟಿದೆ. ಅವುಗಳಲ್ಲಿದ್ದ ದಾಖಲೆಗಳು ಹೊಸ ಯಂತ್ರಗಳಿಗೆ ಸಾಗಿದವು. ಆದರೆ ಕೆಲಸ ಮುಗಿಸಿದ ಕಂಪ್ಯೂಟರಿಗೆ ಯಾವ ಕಚೇರಿಯಲ್ಲೂ ಸಾಮಾನ್ಯವಾಗಿ ಇರುವುದು ಒಂದೇ ದಾರಿ: ‘ನಿರುಪಯುಕ್ತ’ ಎಂಬ ಷರಾ, ಉಗ್ರಾಣದ ಒಂದು ಮೂಲೆ, ಕೊನೆಗೆ ತೂಕದ ಲೆಕ್ಕದಲ್ಲಿ ಹರಾಜು. ನಮ್ಮ ಶಾಲೆ, ಆಸ್ಪತ್ರೆ, ಧರ್ಮಕೇಂದ್ರಗಳ ಕಚೇರಿಗಳಲ್ಲೂ ನಡೆಯುವುದು ಇದೇ.

ಈ ಪಹಣಿ ಯಂತ್ರಗಳಿಗೂ ಒಂದು ಹಿರಿಯ ತಲೆಮಾರು ಇತ್ತು. ಅದರ ಹೆಸರು ಮಿನಿಕಂಪ್ಯೂಟರ್. ನಮ್ಮ ದೇಶದ ಬ್ಯಾಂಕು, ರೈಲ್ವೆ, ಕಾರ್ಖಾನೆ, ಪ್ರಯೋಗಾಲಯಗಳಿಗೆ ಕಂಪ್ಯೂಟರ್ ಕಲಿಸಿದ್ದು ಆ ತಲೆಮಾರು. ಅವು ಏನು, ಅವನ್ನು ಯಾಕೆ ಉಳಿಸಬೇಕು, ಉಳಿಸುವುದಾದರೆ ಮೊದಲು ಏನನ್ನು ಉಳಿಸಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಮಿನಿ ಎಂದರೆ ಎಷ್ಟು ಚಿಕ್ಕದು?

ಹೆಸರಿನಲ್ಲಿ ‘ಮಿನಿ’ ಇದ್ದರೂ ಅದು ಮೇಜಿನ ಮೇಲಿಡುವ ವಸ್ತು ಆಗಿರಲಿಲ್ಲ. ಗೋದ್ರೆಜ್ ಕಪಾಟಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ, ಕೆಲವೊಮ್ಮೆ ಅಂಥ ಎರಡು ಮೂರು ಪೆಟ್ಟಿಗೆಗಳ ಸಾಲು. ಆದರೂ ಅದಕ್ಕೆ ಮಿನಿ ಎನ್ನಲು ಕಾರಣವಿತ್ತು. 1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ದೊಡ್ಡ ಹವಾನಿಯಂತ್ರಿತ ಕೋಣೆಯನ್ನು ತುಂಬುವ ಮೇನ್‌ಫ್ರೇಮ್. ಅದರ ಬೆಲೆ ಲಕ್ಷಾಂತರ ಡಾಲರ್. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್, ಅಂದರೆ ಡಿಇಸಿ, 1965ರಲ್ಲಿ ಪಿಡಿಪಿ-8 ಎಂಬ ಯಂತ್ರವನ್ನು ಸುಮಾರು 18,000 ಡಾಲರಿಗೆ ಮಾರಾಟಕ್ಕಿಟ್ಟಿತು. ಒಂದು ಕಾಲೇಜು, ಒಂದು ಪ್ರಯೋಗಾಲಯ, ಒಂದು ಕಾರ್ಖಾನೆ ಸ್ವಂತವಾಗಿ ಕೊಳ್ಳಬಹುದಾದ ಕಂಪ್ಯೂಟರ್ ಬಂದದ್ದು ಹೀಗೆ.

ಅದರ ನೆನಪಿನ ಶಕ್ತಿ ಎಷ್ಟೆಂದರೆ ತಲಾ 12 ಬಿಟ್‌ಗಳ 4,096 ಪದಗಳು; ಇಂದಿನ ಲೆಕ್ಕದಲ್ಲಿ ಬರೇ 6 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಫೋಟೊ ಅದರ 500 ಪಟ್ಟು ದೊಡ್ಡದು. ಆ ನೆನಪು ಇರುತ್ತಿದ್ದುದು ‘ಕೋರ್’ ಎಂಬ ಸಾಸಿವೆಯಷ್ಟು ಸಣ್ಣ ಫೆರೈಟ್ ಉಂಗುರಗಳಲ್ಲಿ. ಒಂದೊಂದು ಉಂಗುರದೊಳಗೆ ಕೂದಲೆಳೆಯಂಥ ತಂತಿಗಳನ್ನು ಪೋಣಿಸಬೇಕಿತ್ತು. ವಿದ್ಯುತ್ ಹೋದರೂ ಅದರಲ್ಲಿ ಬರೆದದ್ದು ಅಳಿಯುತ್ತಿರಲಿಲ್ಲ.

ಇದೇ ಕಂಪನಿ 1970ರಲ್ಲಿ ಪಿಡಿಪಿ-11, 1977ರಲ್ಲಿ ವ್ಯಾಕ್ಸ್-11/780 ಎಂಬ ಯಂತ್ರಗಳನ್ನು ತಂದಿತು. ಇಂದು ಮೊಬೈಲಿನಿಂದ ಹಿಡಿದು ದೊಡ್ಡ ಸರ್ವರ್‌ಗಳ ತನಕ ಎಲ್ಲೆಡೆ ಕಾಣುವ ಯುನಿಕ್ಸ್ ವಂಶದ ಕಾರ್ಯವ್ಯವಸ್ಥೆ ಬೆಳೆದದ್ದು ಪಿಡಿಪಿ ಯಂತ್ರಗಳ ಮೇಲೆಯೇ. ಮಿನಿಕಂಪ್ಯೂಟರಿನ ಇನ್ನೊಂದು ದೊಡ್ಡ ಕೊಡುಗೆ ಎಂದರೆ ಒಂದೇ ಯಂತ್ರಕ್ಕೆ ಹಲವು ಟರ್ಮಿನಲ್‌ಗಳನ್ನು ಜೋಡಿಸಿ, ಹಲವರು ಒಟ್ಟಿಗೆ ಕೂತು ಕೆಲಸ ಮಾಡುವ ಪದ್ಧತಿಯನ್ನು ಸಾಮಾನ್ಯ ಕಚೇರಿಗಳಿಗೆ ತಂದದ್ದು. ಅಲ್ಲಿಯ ತನಕ ಕಾರ್ಡಿನಲ್ಲಿ ತೂತು ಕೊರೆದು ಒಪ್ಪಿಸಿ, ಉತ್ತರಕ್ಕೆ ಮರುದಿನದ ತನಕ ಕಾಯುವುದೇ ವಾಡಿಕೆಯಾಗಿತ್ತು.

ನಮ್ಮ ದೇಶಕ್ಕೆ, ನಮ್ಮ ರಾಜ್ಯಕ್ಕೆ ಬಂದ ಬಗೆ

ಭಾರತದ ಮಿನಿಕಂಪ್ಯೂಟರ್ ಕಥೆ ಟ್ರಾಂಬೆಯ ಅಣುಶಕ್ತಿ ಕೇಂದ್ರದಿಂದ ಆರಂಭವಾಗುತ್ತದೆ. ಅಲ್ಲಿ ರೂಪುಗೊಂಡ ‘ಟ್ರಾಂಬೆ ಡಿಜಿಟಲ್ ಕಂಪ್ಯೂಟರ್’ ಅನ್ನು ಹೈದರಾಬಾದಿನ ಸರಕಾರಿ ಕಂಪನಿ ಇಸಿಐಎಲ್ 1969ರಲ್ಲಿ ಟಿಡಿಸಿ-12 ಎಂಬ ಹೆಸರಿನಲ್ಲಿ ಹೊರತಂದಿತು. ಅದು 12 ಬಿಟ್‌ಗಳ ಯಂತ್ರ. ಮುಂದೆ ಟಿಡಿಸಿ-312, ಟಿಡಿಸಿ-316 ಬಂದವು. ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣ ಮೂರ್ತಿಯವರು ತಮ್ಮ ವೃತ್ತಿಯ ಆರಂಭದಲ್ಲಿ ಅಹಮದಾಬಾದಿನ ಐಐಎಂನಲ್ಲಿದ್ದಾಗ, ಹಲವರು ಒಟ್ಟಿಗೆ ಬಳಸುವ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದರು. ಇಸಿಐಎಲ್‌ಗಾಗಿ ಬೇಸಿಕ್ ಭಾಷೆಯ ತಂತ್ರಾಂಶವನ್ನೂ ಬರೆದುಕೊಟ್ಟಿದ್ದರು.

ಎರಡನೆಯ ತಿರುವಿನಲ್ಲಿ ನಮ್ಮ ಕರಾವಳಿಯವರೊಬ್ಬರ ಹೆಸರಿದೆ. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂಬ ನಿಯಮ 1973ರ ವಿದೇಶಿ ವಿನಿಮಯ ಕಾಯಿದೆಯಿಂದ ಬಂದಿತ್ತು. 1977ರ ಜನತಾ ಸರಕಾರದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾದರು. ಆ ಸರಕಾರ ಈ ನಿಯಮವನ್ನು ಬಿಗಿಯಾಗಿ ಹಿಡಿಯಿತು. ಐಬಿಎಂ ಒಪ್ಪದೆ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಎಂಸಿ ಎಂಬ ಸರಕಾರಿ ಕಂಪನಿಗೆ ಬಂತು. ಖಾಲಿಯಾದ ಮಾರುಕಟ್ಟೆಗೆ ದೇಶದ ಖಾಸಗಿ ಕಂಪನಿಗಳು ಕಾಲಿಟ್ಟವು.

ಬೆಂಗಳೂರಿನ ಹೆಸರು ಇಲ್ಲಿಂದ ಮುಂದೆ ಬರುತ್ತದೆ. ಅಡುಗೆ ಎಣ್ಣೆ ಮತ್ತು ಸಾಬೂನಿನ ಕಂಪನಿಯಾಗಿದ್ದ ವಿಪ್ರೋ ಬೆಂಗಳೂರಿನಲ್ಲಿ ಕಂಪ್ಯೂಟರ್ ವಿಭಾಗ ತೆರೆದು, ಇಂಟೆಲ್ 8086 ಚಿಪ್ ಬಳಸಿದ ತನ್ನ ಮೊದಲ ಮಿನಿಕಂಪ್ಯೂಟರನ್ನು 1981ರಲ್ಲಿ ತಂದಿತು. ಅದರ ಸಂಶೋಧನಾ ತಂಡವನ್ನು ಕಟ್ಟಿದ ಶ್ರೀಧರ್ ಮಿಟ್ಟ ಇಸಿಐಎಲ್‌ನಲ್ಲಿ ಪಳಗಿದವರು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. ಅದರ ಮೊದಲ ಕಂಪ್ಯೂಟರ್ ಅಮೆರಿಕದಿಂದ ತರಿಸಿದ ಡೇಟಾ ಜನರಲ್ ಎಂವಿ/8000 ಎಂಬ 32 ಬಿಟ್ ಮಿನಿ. ಆ ಯಂತ್ರವನ್ನು ಕಟ್ಟಿದ ಅಮೆರಿಕದ ಎಂಜಿನಿಯರುಗಳ ಕಥೆಯನ್ನು ಟ್ರೇಸಿ ಕಿಡರ್ 1981ರಲ್ಲಿ ಪುಸ್ತಕವಾಗಿ ಬರೆದು ಪುಲಿಟ್ಜರ್ ಪ್ರಶಸ್ತಿ ಪಡೆದರು. ಅದನ್ನು ಇಲ್ಲಿ ನಡೆಸಿದವರ ಕಥೆಯೂ ಅಷ್ಟೇ ವಿವರವಾಗಿ ದಾಖಲಾಗಬೇಕು.

ಕರಾವಳಿಯ ಮನೆಗಳಿಗೆ ಈ ಯಂತ್ರಗಳ ಪರಿಚಯ ಬಂದದ್ದು ಬ್ಯಾಂಕುಗಳ ಮೂಲಕ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ಣಾಟಕ, ವಿಜಯ, ಈ ಐದು ಬ್ಯಾಂಕುಗಳ ತವರು ನಮ್ಮ ಜಿಲ್ಲೆಗಳು. ಸಿ. ರಂಗರಾಜನ್ ಅಧ್ಯಕ್ಷತೆಯ ರಿಸರ್ವ್ ಬ್ಯಾಂಕ್ ಸಮಿತಿ 1984ರಲ್ಲಿ ಒಂದು ದಾರಿ ತೋರಿಸಿತು: ಶಾಖೆಗಳಲ್ಲಿ ಲೆಡ್ಜರ್ ಬರೆಯುವ ಇಲೆಕ್ಟ್ರಾನಿಕ್ ಯಂತ್ರ, ಪ್ರಾದೇಶಿಕ ಕಚೇರಿಗಳಲ್ಲಿ ಮಿನಿಕಂಪ್ಯೂಟರ್, ಪ್ರಧಾನ ಕಚೇರಿಯಲ್ಲಿ ಮೇನ್‌ಫ್ರೇಮ್. ನೌಕರಿ ಹೋದೀತು ಎಂಬ ಭಯ, ಸಂಘಗಳ ವಿರೋಧ, ಒಪ್ಪಂದ, ತರಬೇತಿ, ಇದೆಲ್ಲವನ್ನೂ ಕಂಡವರು ಇಂದು ನಮ್ಮ ನಡುವೆ ನಿವೃತ್ತರಾಗಿ ಇದ್ದಾರೆ. ರೈಲ್ವೆ ಟಿಕೆಟ್ ಕಾದಿರಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು 1980ರ ದಶಕದ ನಡುವಿನಲ್ಲಿ ದೆಹಲಿಯಲ್ಲಿ ಆರಂಭಿಸಿದ್ದು ಸಿಎಂಸಿ. ಅದು ಓಡಿದ್ದು ವ್ಯಾಕ್ಸ್ ಯಂತ್ರಗಳ ಮೇಲೆ.

ತಾಲೂಕು ಕಚೇರಿಯ ನಂಟು

ಹಾಗಾದರೆ ಇಂಡಿ, ಸಿಂದಗಿಯ ಪಹಣಿ ಕಿಂಡಿಗೂ ಈ ದೊಡ್ಡ ಪೆಟ್ಟಿಗೆಗಳಿಗೂ ಏನು ಸಂಬಂಧ? ಸಂಬಂಧ ಹತ್ತಿರದ್ದೇ. ಭೂಮಿ ಕೇಂದ್ರದ ಸರ್ವರ್ ನಡೆಯುತ್ತಿದ್ದುದು ವಿಂಡೋಸ್ ಎನ್‌ಟಿ ಕುಟುಂಬದ ಕಾರ್ಯವ್ಯವಸ್ಥೆಯಲ್ಲಿ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಮುಖ್ಯ ಶಿಲ್ಪಿ ಡೇವ್ ಕಟ್ಲರ್. ಇವರೇ ಮೊದಲು ಡಿಇಸಿಯಲ್ಲಿದ್ದಾಗ ವ್ಯಾಕ್ಸ್ ಮಿನಿಕಂಪ್ಯೂಟರಿಗಾಗಿ ವಿಎಂಎಸ್ ಎಂಬ ಕಾರ್ಯವ್ಯವಸ್ಥೆ ರೂಪಿಸಿದ ತಂಡದ ಮುಂದಾಳು. ಯಾರು ಒಳಗೆ ಬರಬಹುದು, ಯಾರಿಗೆ ಯಾವ ಕಡತ ತೆರೆಯುತ್ತದೆ, ಯಾರು ಏನನ್ನು ಬದಲಿಸಿದರು ಎಂಬ ಕಾವಲಿನ ವಿಚಾರಗಳು ಅಲ್ಲಿಂದ ಇಲ್ಲಿಗೆ ಬಂದವು. ಪಹಣಿ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ಭೂಮಿಯ ಕ್ರಮವನ್ನು ಕಟ್ಟಿದ್ದು ಈ ತಳಹದಿಯ ಮೇಲೆ. ಒಬ್ಬ ಬಡ ರೈತನ ಸರ್ವೆ ನಂಬರು ರಾತ್ರೋರಾತ್ರಿ ಬದಲಾಗದಂತೆ ಕಾಯುವುದರಲ್ಲಿ ಮಿನಿಕಂಪ್ಯೂಟರ್ ಕಾಲದ ಅನುಭವವೂ ಕೆಲಸ ಮಾಡಿದೆ.

ಉಳಿಸುವುದು ಯಾಕೆ?

ಮೊದಲ ಕಾರಣ, ಹಳೆಯ ದಾಖಲೆಯನ್ನು ಓದಲು ಹಳೆಯ ಯಂತ್ರದ ತಿಳುವಳಿಕೆ ಬೇಕು. ಕಾಗದದ ದಾಖಲೆ ಕಣ್ಣಿಗೆ ಕಾಣುತ್ತದೆ, 200 ವರ್ಷ ಕಳೆದರೂ ಲಿಪಿ ಬಲ್ಲವರು ಓದುತ್ತಾರೆ. ಟೇಪು, ಡಿಸ್ಕು, ಫ್ಲಾಪಿಗಳು ಹಾಗಲ್ಲ. ಓದುವ ಯಂತ್ರ, ಅದನ್ನು ನಡೆಸುವ ತಂತ್ರಾಂಶ, ಅಕ್ಷರಗಳ ಸಂಕೇತ ಕ್ರಮ, ಈ ಮೂರರಲ್ಲಿ ಒಂದು ತಪ್ಪಿದರೂ ಅದು ಮೂಕ ವಸ್ತು. ಇದು ನಮಗೆ ದೂರದ ಮಾತಲ್ಲ. 1990ರ ದಶಕದಲ್ಲಿ ನಮ್ಮ ಧರ್ಮಕೇಂದ್ರಗಳ ಪತ್ರಿಕೆ, ಜುಬಿಲಿ ಸಂಚಿಕೆ, ಕುಟುಂಬಗಳ ಪಟ್ಟಿಗಳನ್ನು ಬೇರೆ ಬೇರೆ ಕಂಪನಿಗಳ ಕನ್ನಡ ಅಕ್ಷರಗಳಲ್ಲಿ ಅಚ್ಚು ಜೋಡಿಸಿದ್ದೆವು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಇಂದಿನ ಯುನಿಕೋಡ್ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಪರಿವರ್ತಕ ತಂತ್ರಾಂಶ ಇದ್ದರೆ ಬಚಾವು. ಫ್ಲಾಪಿಯೇ ಓದದಿದ್ದರೆ ಪರಿವರ್ತಕವೂ ಉಪಯೋಗಕ್ಕಿಲ್ಲ.

ಎರಡನೆಯ ಕಾರಣ, ಏನು ಕಳೆದುಕೊಂಡಿದ್ದೇವೆ ಎಂಬುದು ಸಿಕ್ಕಿದ ಮೇಲಷ್ಟೇ ತಿಳಿಯುತ್ತದೆ. 2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಸ್ಟೋರ್ ರೂಮ್ ಖಾಲಿ ಮಾಡುವಾಗ ಒಂದು ಹಳೆಯ ಟೇಪು ಸಿಕ್ಕಿತು. ಯುನಿಕ್ಸಿನ 1973ರ ನಾಲ್ಕನೆಯ ಆವೃತ್ತಿ ಎಂದು ಅದರ ಮೇಲೆ ಕೈಬರಹದಲ್ಲಿತ್ತು. ಆ ಆವೃತ್ತಿ ಪೂರ್ತಿಯಾಗಿ ಎಲ್ಲೂ ಉಳಿದಿಲ್ಲ ಎಂದು ಭಾವಿಸಲಾಗಿತ್ತು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್‌ನಲ್ಲಿ 2025ರ ಡಿಸೆಂಬರ್ ತಿಂಗಳಲ್ಲಿ ಅದನ್ನು ಓದಿ ತೆಗೆದರು. ಆ ಕೋಣೆ ಗುಡಿಸಿದವರು ಟೇಪನ್ನು ಕಸಕ್ಕೆ ಹಾಕಿದ್ದರೆ ಏನು ಹೋಯಿತು ಎಂಬುದೇ ಜಗತ್ತಿಗೆ ತಿಳಿಯುತ್ತಿರಲಿಲ್ಲ.

ಮೂರನೆಯ ಕಾರಣ, ಕಾನೂನು ಈ ವಸ್ತುಗಳನ್ನು ಕಾಯುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಒಂದು ವಸ್ತು ಪುರಾತನ ಎನಿಸಬೇಕಾದರೆ 100 ವರ್ಷ ತುಂಬಬೇಕು. ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ. 1975ರ ಒಂದು ಮಿನಿಕಂಪ್ಯೂಟರಿಗೆ ಆ ಮಾನ್ಯತೆ ಬರುವುದು 2075ರಲ್ಲಿ. ಅಷ್ಟರ ತನಕ ಅದು ಹಳೆ ಕಬ್ಬಿಣವೇ. ಅದರ ಕಾರ್ಡುಗಳ ತುದಿಯಲ್ಲಿ ತೆಳುವಾಗಿ ಚಿನ್ನದ ಲೇಪ ಇರುವುದರಿಂದ ಗುಜರಿಯವರಿಗೆ ಅದರ ಮೇಲೆ ಕಣ್ಣೂ ಹೆಚ್ಚು.

ವಿಜಯಪುರದಲ್ಲೇ ಇರುವ ಮಾದರಿ

ಸಂಗ್ರಹ ಮಾಡುವವರು ಹೇಗಿರಬೇಕು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೆಂದು ಎಲ್ಲರಿಗೂ ಗೊತ್ತು. ಆದರೆ ಅವರ ಮತ್ತು ಇತರ ಶರಣರ ವಚನಗಳು ಇಂದು ನಮ್ಮ ಕೈಯಲ್ಲಿರುವುದಕ್ಕೆ ಮುಖ್ಯ ಕಾರಣರಾದವರು ವಿಜಯಪುರದ ಒಬ್ಬ ವಕೀಲರು. ಫ. ಗು. ಹಳಕಟ್ಟಿಯವರು (1880–1964) ಮನೆ ಮನೆ, ಮಠ ಮಠ ತಿರುಗಿ ಓಲೆಗರಿಯ ಕಟ್ಟುಗಳನ್ನು ಹುಡುಕಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಪ್ರಕಟಿಸಿದರು. ಮುದ್ರಣಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅವರ ಹುಟ್ಟಿದ ದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತದೆ.

ಓಲೆಗರಿಗೂ ಕಂಪ್ಯೂಟರಿಗೂ ಹೋಲಿಕೆ ಸರಿಯೇ ಎಂದು ಕೆಲವರು ಕೇಳಬಹುದು. ವಚನದ ಬೆಲೆ ಬೇರೆ, ಯಂತ್ರದ ಬೆಲೆ ಬೇರೆ, ನಿಜ. ಆದರೆ ಹಳಕಟ್ಟಿಯವರ ಕ್ರಮದಲ್ಲಿ ಒಂದು ಪಾಠವಿದೆ. ಅವರು ಕಟ್ಟುಗಳನ್ನು ತಂದು ಕಪಾಟಿನಲ್ಲಿಟ್ಟು ಸುಮ್ಮನಾಗಲಿಲ್ಲ. ಓದಿದರು, ಒಂದು ಪ್ರತಿಯನ್ನು ಇನ್ನೊಂದರ ಜತೆ ಹೋಲಿಸಿದರು, ಅಚ್ಚು ಹಾಕಿಸಿದರು. ಯಂತ್ರದ ವಿಷಯದಲ್ಲೂ ಹಾಗೆಯೇ. ಪೆಟ್ಟಿಗೆಯನ್ನು ಗಾಜಿನ ಹಿಂದೆ ಇಟ್ಟರೆ ಅದು ಉಳಿಯಿತು ಎಂದಾಗುವುದಿಲ್ಲ. ಅದರ ಕೈಪಿಡಿ, ತಂತ್ರಾಂಶ, ಅದನ್ನು ನಡೆಸಿದವರ ಅನುಭವ ಜತೆಗಿದ್ದರೆ ಮಾತ್ರ ಅದೊಂದು ದಾಖಲೆ.

ಉಳಿಸುವುದು ಹೇಗೆ?

ಹಳೆಯ ಯಂತ್ರ ಕಂಡಾಗ ಎಲ್ಲರೂ ಮಾಡುವ ಮೊದಲ ತಪ್ಪು ಸ್ವಿಚ್ ಹಾಕಿ ನೋಡುವುದು. 30 ವರ್ಷ ಸುಮ್ಮನಿದ್ದ ಯಂತ್ರದ ವಿದ್ಯುತ್ ಭಾಗದಲ್ಲಿ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಪದರ ಕಾಲಕ್ರಮೇಣ ಕೆಡುತ್ತದೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಅವು ಸಿಡಿಯಬಹುದು, ಜತೆಗೆ ಕಾರ್ಡುಗಳನ್ನೂ ಸುಡಬಹುದು. ಆದುದರಿಂದ ತಿಳಿದವರು ಮೊದಲು ಎಲ್ಲ ಕಾರ್ಡುಗಳನ್ನು ಹೊರತೆಗೆದು, ವಿದ್ಯುತ್ ಭಾಗವನ್ನು ಮಾತ್ರ ಬೇರೆ ಹೊರೆಗೆ ಜೋಡಿಸಿ, ಡಿಮ್ಮರ್‌ಸ್ಟ್ಯಾಟ್ ಮೂಲಕ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾರೆ. ಅಳತೆ ಸರಿ ಬಂದ ಮೇಲೆ ಕಾರ್ಡುಗಳನ್ನು ಒಂದೊಂದಾಗಿ ಸೇರಿಸುತ್ತಾರೆ. ಅಮೆರಿಕಕ್ಕೆಂದೇ ತಯಾರಾದ ಯಂತ್ರವಾದರೆ ಅದು 115 ವೋಲ್ಟ್, 60 ಹರ್ಟ್ಸ್ ಕೇಳುತ್ತದೆ. ನಮ್ಮ 50 ಹರ್ಟ್ಸಿನಲ್ಲಿ ಅದರ ಡಿಸ್ಕ್ ಮೋಟಾರಿನ ವೇಗವೂ ಬದಲಾಗುತ್ತದೆ. ಇದು ಅನುಭವಿಗಳ ಕೆಲಸ. ದೊಡ್ಡ ಕೆಪಾಸಿಟರ್‌ಗಳು ಸ್ವಿಚ್ ಆರಿಸಿದ ಮೇಲೂ ಶಾಕ್ ಕೊಡಬಲ್ಲವು ಎಂಬುದನ್ನು ಮರೆಯಬಾರದು.

ಎರಡನೆಯದು, ಸಾಗಿಸುವ ಮುಂಚೆ ಫೋಟೊ. ಮುಂಭಾಗ, ಹಿಂಭಾಗ, ಲೇಬಲ್, ಕ್ರಮಸಂಖ್ಯೆ, ಯಾವ ತಂತಿ ಎಲ್ಲಿಗೆ ಎಂಬುದೆಲ್ಲ ದಾಖಲಾಗಬೇಕು. ಪ್ರತಿ ತಂತಿಗೂ ಚೀಟಿ ಕಟ್ಟಬೇಕು. ಡಿಸ್ಕ್ ಯಂತ್ರದ ಓದುವ ತಲೆಯನ್ನು ಬೀಗ ಹಾಕಿ ಭದ್ರಪಡಿಸದೆ ಲಾರಿಗೆ ಏರಿಸಿದರೆ ಹೊಂಡಬಿದ್ದ ರಸ್ತೆಯಲ್ಲಿ ಅದು ತಟ್ಟೆಯನ್ನು ಗೀರುತ್ತದೆ. ಅಲ್ಲಿಗೆ ಅದರಲ್ಲಿದ್ದ ವಿಷಯ ಹೋದಂತೆ. ಕಾರ್ಡುಗಳನ್ನು ಥರ್ಮೋಕೋಲಿನಲ್ಲಿ ಸುತ್ತಬಾರದು, ಅದರ ಸ್ಥಾಯಿ ವಿದ್ಯುತ್ ಚಿಪ್‌ಗಳನ್ನು ಕೊಲ್ಲುತ್ತದೆ. ಬ್ಯಾಟರಿ ಇದ್ದರೆ ಕೂಡಲೇ ಬಿಚ್ಚಿಸಬೇಕು. ಅದು ಸೋರಿದರೆ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ.

ಮೂರನೆಯದು, ಇಡುವ ಜಾಗ. ಇಲ್ಲಿ ನಮ್ಮ ಕರಾವಳಿಗಿಂತ ಈ ನಾಲ್ಕು ತಾಲೂಕುಗಳಿಗೇ ಅನುಕೂಲ ಹೆಚ್ಚು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ವಿಜಯಪುರ ಜಿಲ್ಲೆಯಲ್ಲಿ ಸುಮಾರು 600. ನಮ್ಮಲ್ಲಿ ಟೇಪಿಗೆ ಬೂಷ್ಟು, ಕಾರ್ಡಿನ ತುದಿಗೆ ಉಪ್ಪುಗಾಳಿಯ ಕಿಲುಬು, ಕೈಪಿಡಿಗೆ ಗೆದ್ದಲು. ಅಲ್ಲಿಯ ಒಣಹವೆ ಯಂತ್ರಕ್ಕೆ ಮಿತ್ರ. ಆದರೆ ಧೂಳು ಮತ್ತು ಬೇಸಗೆಯ 40 ಡಿಗ್ರಿ ದಾಟುವ ಸೆಖೆ ಶತ್ರು. ತಗಡಿನ ಮಾಡಿನ ಕೆಳಗಿಡದೆ, ದಪ್ಪ ಗೋಡೆಯ ಕೋಣೆಯಲ್ಲಿ, ನೆಲದಿಂದ ಮೇಲೆ, ಬಟ್ಟೆಯ ಹೊದಿಕೆಯೊಳಗೆ ಇಟ್ಟರೆ ಹೆಚ್ಚಿನ ಖರ್ಚಿಲ್ಲದೆ ದಶಕಗಳ ಕಾಲ ಕಾಪಾಡಬಹುದು. ಇಲಿಗಳ ವಿಷಯದಲ್ಲಿ ಮಾತ್ರ ಎರಡೂ ಕಡೆ ಒಂದೇ ಎಚ್ಚರಿಕೆ.

ನಾಲ್ಕನೆಯದು, ಟೇಪು ಮತ್ತು ಡಿಸ್ಕುಗಳು. ಹಳೆಯ ಕಾಂತೀಯ ಟೇಪಿನ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಲೇಪ ಕಿತ್ತುಬರುತ್ತದೆ. ತಜ್ಞರು ಅದನ್ನು ಸುಮಾರು 50 ಡಿಗ್ರಿಯ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಬಳಿಕ ಒಮ್ಮೆ ಓದಿ ಪ್ರತಿ ತೆಗೆಯುತ್ತಾರೆ. ನಾವು ಮಾಡಬೇಕಾದದ್ದು ಇಷ್ಟೇ: ಅದನ್ನು ಓಡಿಸದೆ, ಒಣ ಜಾಗದಲ್ಲಿ ನಿಲ್ಲಿಸಿ ಇಟ್ಟು, ಮೇಲಿನ ಚೀಟಿಯ ಬರಹವನ್ನು ಬರೆದಿಟ್ಟುಕೊಳ್ಳುವುದು.

ಯಂತ್ರವಿಲ್ಲದೆಯೂ ಯಂತ್ರ

ಎಲ್ಲವನ್ನೂ ಓಡುವ ಸ್ಥಿತಿಯಲ್ಲಿ ಇಡಲು ಯಾರಿಂದಲೂ ಆಗದು. ಅದಕ್ಕೆ ಇನ್ನೊಂದು ದಾರಿಯಿದೆ. ಡಿಇಸಿಯಲ್ಲಿ ದುಡಿದಿದ್ದ ಬಾಬ್ ಸುಪ್ನಿಕ್ 1993ರಿಂದ ‘ಸಿಮ್‌ಎಚ್’ ಎಂಬ ಉಚಿತ ತಂತ್ರಾಂಶವನ್ನು ಬೆಳೆಸಿದರು. ಇದು ಸಾಮಾನ್ಯ ಕಂಪ್ಯೂಟರನ್ನು ಪಿಡಿಪಿ-8, ಪಿಡಿಪಿ-11, ವ್ಯಾಕ್ಸ್‌ಗಳಂತೆ ನಡೆದುಕೊಳ್ಳುವ ಹಾಗೆ ಮಾಡುತ್ತದೆ. ಆಸ್ಕರ್ ಫರ್ಮೂಲೆನ್ ಎಂಬವರು ಅಂಗೈಯಷ್ಟಿನ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಹಳೆಯ ಯಂತ್ರದ ಮುಂಭಾಗದ ದೀಪ, ಸ್ವಿಚ್‌ಗಳನ್ನು ಜೋಡಿಸುವ ಕಿಟ್ ತಯಾರಿಸಿದ್ದಾರೆ. ಒಂದು ಕಾಲೇಜಿನ ವಿದ್ಯಾರ್ಥಿಗಳು 1970ರ ಯಂತ್ರದ ಮುಂದೆ ಕೂತ ಅನುಭವವನ್ನು ಇಂದು ಮೇಜಿನ ಮೇಲೆಯೇ ಪಡೆಯಬಹುದು. ಆದರೆ ಡಿಇಸಿ ಯಂತ್ರಗಳಿಗೆ ಇದು ಸಾಧ್ಯವಾದದ್ದು ಅವುಗಳ ಕೈಪಿಡಿ, ನಕ್ಷೆ, ತಂತ್ರಾಂಶಗಳನ್ನು ಸ್ವಯಂಸೇವಕರು ಉಳಿಸಿಕೊಂಡಿದ್ದರಿಂದ. ನಮ್ಮ ಟಿಡಿಸಿಗೋ, ವಿಪ್ರೋದ ಮೊದಲ ಮಿನಿಗೋ ಹೀಗೆ ಮರುಜೀವ ಕೊಡಬೇಕಾದರೆ ಅವುಗಳ ಕಾಗದಪತ್ರಗಳು ಮೊದಲು ಸಿಗಬೇಕು.

ದೊಡ್ಡ ಸಂಗ್ರಹಾಲಯ ಕಟ್ಟಿದರೆ ಕೆಲಸ ಮುಗಿಯಿತು ಎಂಬುದೂ ತಪ್ಪು ಕಲ್ಪನೆ. ಮೈಕ್ರೋಸಾಫ್ಟ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಆಲನ್ ಸಿಯಾಟಲ್ ನಗರದಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಓಡುವ ಸ್ಥಿತಿಯಲ್ಲೇ ಇಟ್ಟ ಸಂಗ್ರಹಾಲಯವನ್ನು 2012ರಲ್ಲಿ ತೆರೆದರು. 2018ರಲ್ಲಿ ಅವರು ತೀರಿಹೋದರು. 2020ರಲ್ಲಿ ಬಾಗಿಲು ಮುಚ್ಚಿತು. 2024ರಲ್ಲಿ ಅಲ್ಲಿದ್ದ ಹಲವು ಯಂತ್ರಗಳು ಹರಾಜಾದವು. ಒಬ್ಬರ ಹಣ, ಒಬ್ಬರ ಆಸಕ್ತಿಯನ್ನೇ ನಂಬಿದ ಸಂಗ್ರಹದ ಗತಿ ಇದು. ಹಲವು ಕೈಗಳಲ್ಲಿ, ಹಲವು ಊರುಗಳಲ್ಲಿ ಹಂಚಿಹೋದ ತಿಳುವಳಿಕೆ ಇದಕ್ಕಿಂತ ಭದ್ರ.

ನಾವೇನು ಮಾಡಬಹುದು?

ಎಲ್ಲ ಹಳೆಯ ಕಂಪ್ಯೂಟರನ್ನೂ ಕೂಡಿಡಬೇಕೆಂದು ಇದರ ಅರ್ಥವಲ್ಲ. ಕೆಟ್ಟ ಯಂತ್ರದ ಸೀಸ, ಕ್ಯಾಡ್ಮಿಯಮ್ ನೀರು ಮಣ್ಣಿಗೆ ವಿಷ. ಅದನ್ನು ಬಯಲಿನಲ್ಲಿ ಸುಡುವುದು ಹೊಗೆ ಕುಡಿಯುವ ಬಡವನಿಗೆ ಮಾಡುವ ಅನ್ಯಾಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇವು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಆದರೆ ಕಳುಹಿಸುವ ಮುಂಚೆ ಒಂದು ವಾರ ತಡೆದು, ಕೆಲವು ಸಣ್ಣ ಕೆಲಸಗಳನ್ನು ಮಾಡಬಹುದು.

ಒಂದು: ಶಾಲೆ, ಕಾಲೇಜು, ಆಸ್ಪತ್ರೆ, ಕಚೇರಿಯ ಉಗ್ರಾಣ ಖಾಲಿ ಮಾಡುವಾಗ 1990ಕ್ಕಿಂತ ಹಳೆಯ ಯಂತ್ರವೇನಾದರೂ ಕಂಡರೆ ಫೋಟೊ ತೆಗೆದು ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ತಿಳಿಸುವುದು. 1984ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟ ಬಿಬಿಸಿ ಮೈಕ್ರೋ ಕೂಡ ಇಂದು ಅಪೂರ್ವ ವಸ್ತು.

ಎರಡು: ಕೈಪಿಡಿ, ತರಬೇತಿ ಟಿಪ್ಪಣಿ, ಸುತ್ತೋಲೆ, ಮುದ್ರಿತ ಪ್ರೋಗ್ರಾಮ್ ಹಾಳೆಗಳನ್ನು ರದ್ದಿಗೆ ಹಾಕದೆ ಸ್ಕ್ಯಾನ್ ಮಾಡಿ ಇಡುವುದು. ವಿಜಯ ಬ್ಯಾಂಕ್ 2019ರಲ್ಲಿ, ಕಾರ್ಪೊರೇಶನ್ ಮತ್ತು ಸಿಂಡಿಕೇಟ್ 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದವು. ಹೆಸರೇ ಇಲ್ಲವಾದ ಬ್ಯಾಂಕಿನ ಹಳೆಯ ಕಂಪ್ಯೂಟರ್ ತರಬೇತಿಯ ಪುಸ್ತಕ ಸಿಗಬಹುದಾದ ಒಂದು ಜಾಗ ನಿವೃತ್ತರ ಮನೆಯ ಅಟ್ಟ.

ಮೂರು, ಮತ್ತು ಇದೇ ಎಲ್ಲಕ್ಕಿಂತ ಅವಸರದ್ದು: ನಡೆಸಿದವರ ಮಾತನ್ನು ದಾಖಲಿಸುವುದು. 1975ರಲ್ಲಿ 25 ವರ್ಷದವರಾಗಿದ್ದ ಆಪರೇಟರಿಗೆ ಈಗ 75 ದಾಟಿದೆ. ಬೆಳಿಗ್ಗೆ ಬಂದು ಮೊದಲು ಯಾವ ಸ್ವಿಚ್ ಒತ್ತುತ್ತಿದ್ದಿರಿ, ಕರೆಂಟು ಹೋದಾಗ ಏನು ಮಾಡುತ್ತಿದ್ದಿರಿ, ಯಾವ ಭಾಗ ಹೆಚ್ಚು ಕೈಕೊಡುತ್ತಿತ್ತು, ಮೊದಲ ದಿನ ಅದನ್ನು ಕಂಡು ಏನನಿಸಿತು ಎಂದು ಕೇಳಿದರೆ ಸಾಕು, ಮಾತು ತಾನೇ ಬರುತ್ತದೆ. ಭೂಮಿ ಯೋಜನೆಯ ಮೊದಲ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಲಕ್ಷಾಂತರ ಸಾಲುಗಳನ್ನು ಕೈಬರಹದಿಂದ ನೋಡಿ ಟೈಪ್ ಮಾಡಿದ ಯುವಕ ಯುವತಿಯರಿಗೂ ಇಂದು ನಡುವಯಸ್ಸು ದಾಟಿದೆ. ಅಳಿಸಿದ ಅಕ್ಷರ, ಎರಡು ಹೆಸರಿನ ಹೊಲ, ಸತ್ತವರ ಹೆಸರಿನಲ್ಲೇ ಉಳಿದ ಖಾತೆ, ಇವನ್ನೆಲ್ಲ ಅವರು ಹೇಗೆ ತೀರ್ಮಾನಿಸಿದರು ಎಂಬುದು ಯಾವ ಸರ್ವರಿನಲ್ಲೂ ಇಲ್ಲ, ಅವರ ನೆನಪಿನಲ್ಲಿದೆ. ಮೊಬೈಲಿನ ಧ್ವನಿ ದಾಖಲೆ ಒತ್ತಿ ಅರ್ಧ ಗಂಟೆ ಅವರ ಎದುರು ಕೂತರೆ ಆ ನೆನಪು ಉಳಿಯುತ್ತದೆ.

ಪೆಟ್ಟಿಗೆಯನ್ನು ಮುಂದಿನ ವರ್ಷವೂ ತರಬಹುದು. ಮನುಷ್ಯರ ನೆನಪು ಅಷ್ಟು ದಿನ ಕಾಯುವುದಿಲ್ಲ. ನಿಮ್ಮ ವಾಳೆಯಲ್ಲಿ, ನೆರೆಕರೆಯಲ್ಲಿ ಅಂಥ ಒಬ್ಬರು ಹಿರಿಯರಿದ್ದರೆ ಈ ಆದಿತ್ಯವಾರವೇ ಅವರ ಮನೆಗೆ ಹೋಗಿ ಬನ್ನಿ.